ಅಂಚಿನ ಸಾಲಿನ ಮೂರು ತೆನೆ

“ಕಳ್ಳ ಯಾರೇ ಇರ್ಲಿ ಮೇಡಂ, ಕೆಲಸ ಗೊತ್ತಿರೋನು,” ಎಂದರು ತಳಿ ಮೇಷ್ಟ್ರು.

ಕಳಕೊಂಡವರ ಬಾಯಲ್ಲೇ ಕಳ್ಳನ ಬಗ್ಗೆ ಇಷ್ಟು ಮೆಚ್ಚುಗೆಯ ಮಾತನ್ನು ಇನ್ಸ್‌ಪೆಕ್ಟರ್ ತನ್ನ ಸರ್ವೀಸಿನಲ್ಲೇ ಕೇಳಿರಲಿಲ್ಲ. ಅವಳು ಸಜ್ಜೆ ತಾಕಿನ ನಡುವೆ ಕುಕ್ಕರುಗಾಲಲ್ಲಿ ಕೂತು, ತೆನೆ ಹೋದ ದಂಟೊಂದನ್ನು ಹಿಡಿದು ನೋಡುತ್ತಿದ್ದಳು. ಒಂದೇ ಏಟಿಗೆ ಕತ್ತರಿಸಿದ ಗುರುತು. ಅಕ್ಕಪಕ್ಕದ ಒಂದು ಎಲೆಯೂ ಹರಿದಿರಲಿಲ್ಲ.

ಮೊನ್ನೆ ಸಂಜೆ ಹೀಗೆ ಹತ್ತು ಗಿಡಗಳ ತೆನೆ ಮಾಯವಾಗಿದ್ದವು. ಇದು ತಾಕಿನಲ್ಲೇ ಕೆಲಸಕ್ಕಿರುವ ಮೇಷ್ಟ್ರ ಸೊಸೆಯ ಕೈವಾಡ, ನಾಳೆ ಬೆಳಿಗ್ಗೆ ಸಮಿತಿ ಕೂತು ಅವಳನ್ನು ಕೆಲಸದಿಂದ ತೆಗೆಯುತ್ತದೆಂದು ಸಂಶೋಧನಾ ಕೇಂದ್ರದ ಮುಖ್ಯಸ್ಥರು ಆಗಲೇ ಸಾರಿಬಿಟ್ಟಿದ್ದರು.

ಹತ್ತು ತೆನೆಗೆ ಇಷ್ಟು ರಾದ್ಧಾಂತವೇ ಎಂದು ನಿನ್ನೆ ಅವಳೂ ಒಳಗೊಳಗೇ ನಕ್ಕಿದ್ದಳು. ಇವತ್ತು ನಗು ಬರಲಿಲ್ಲ. ಬೆಳಗ್ಗಿನಿಂದ ಮೇಷ್ಟ್ರ ಜೊತೆ ತಾಕಿನಲ್ಲಿ ಅಲೆದಾಡಿ, ಅವರ ಮಾತು ಕೇಳಿ ಕೇಳಿ, ಅವಳಿಗೂ ಸಜ್ಜೆಯ ಹುಚ್ಚು ಸ್ವಲ್ಪ ಹತ್ತಿತ್ತು.

ದೂರದಿಂದ ನೋಡಿದರೆ ಹಸಿರು ಗೋಡೆ. ಒಳಗೆ ಹೊಕ್ಕರೆ ಒಂದು ಗಿಡದ ಹಾಗೆ ಇನ್ನೊಂದಿಲ್ಲ. ಒಂದು ಆಳೆತ್ತರ ಮೀರಿ ಬೆಳೆದಿದೆ, ಪಕ್ಕದ್ದು ಸೊಂಟದಲ್ಲೇ ನಿಂತಿದೆ. ಒಂದರ ಬುಡದಲ್ಲಿ ಕವಲೊಡೆದ ಮರಿ ದಂಟುಗಳ, ತೆಂಡೆಗಳ ಗುಂಪು, ಇನ್ನೊಂದು ಒಂಟಿ ಕಾಲಿನ ಸನ್ಯಾಸಿ. ಒಂದರ ದಂಟು ಬಿದಿರಿನ ಹಾಗೆ ದಪ್ಪ, ಮತ್ತೊಂದರಲ್ಲಿ ದಂಟೇ ಕಾಣದಷ್ಟು ಎಲೆ.

“ಎಲ್ಲಾ ಒಂದೇ ಥರ ಇದ್ರೆ ನನಗೇನು ಕೆಲಸ ಹೇಳಿ,” ಎಂದರು ಮೇಷ್ಟ್ರು. “ಈ ವ್ಯತ್ಯಾಸಾನೇ ನಮ್ಮ ಆಸ್ತಿ. ಇದರಲ್ಲಿ ಯಾವುದು ಹುಟ್ಟುಗುಣ, ಯಾವುದು ಮೇಲಿನ ಥಳುಕು ಅಂತ ಕಂಡುಹಿಡೀಬೇಕು. ದನಕ್ಕೆ ಬೇಕಾಗಿರೋದು ಎತ್ತರ ಅಲ್ಲ. ಎಲೆ ಹೆಚ್ಚಿರಬೇಕು, ದಂಟು ಮೆತ್ತಗಿರಬೇಕು, ರಸ ಸಿಹಿಯಾಗಿರಬೇಕು. ಒಂದು ಸಲ ಕೊಯ್ದ ಮೇಲೆ ಮುನಿಸಿಕೊಳ್ಳದೆ ಮತ್ತೆ ಚಿಗುರಬೇಕು. ಈ ನಾಲ್ಕೂ ಒಂದೇ ಗಿಡದಲ್ಲಿ ಸಿಗೋದು ಅಂದ್ರೆ…”

“ಒಳ್ಳೇ ಅಳಿಯ ಸಿಕ್ಕ ಹಾಗೆ,” ಎಂದಳು ಇನ್ಸ್‌ಪೆಕ್ಟರ್.

“ಅಳಿಯನಾದ್ರೂ ಸಿಕ್ಕಾನು.”

ತಾಕಿನ ಪ್ರತಿ ಗಿಡದಲ್ಲೂ ಒಂದೇ ಒಂದು ತೆನೆಗೆ ಕಾಗದದ ಚೀಲ ಹಾಕಿದ್ದರು, ಬೇರೆ ಗಿಡದ ಪರಾಗ ಗಾಳಿಯಲ್ಲಿ ತೇಲಿಬಂದು ಸೇರದಿರಲೆಂದು. ಚೀಲದೊಳಗಿನ ಕಾಳು ಮಾತ್ರ ತಾಯಿಯ ಗುಣವನ್ನು ಉಳಿಸಿಕೊಳ್ಳುತ್ತದೆ. ಉಳಿದ ತೆನೆಗಳ ಕಾಳಿಗೆ ತಂದೆ ಯಾರೆಂದು ಹೇಳುವವರಿಲ್ಲ. ಕಳ್ಳ ಕತ್ತರಿಸಿದ್ದು ಸರಿಯಾಗಿ ಆ ಚೀಲದ ತೆನೆಗಳನ್ನೇ. ಮೇಷ್ಟ್ರು ತಮ್ಮ ಅರ್ಧ ಆಯಸ್ಸನ್ನು ಸುರಿದು ಈ ತಾಕಿಗೆ ತಂದು ನಿಲ್ಲಿಸಿದ್ದ ಗುಣವೆಲ್ಲ ಆ ಹತ್ತು ತೆನೆಗಳಲ್ಲಿತ್ತು. ಇದು ಅವರ ಕೊನೆಯ ಬೆಳೆ. ಮುಂದಿನ ಬಿತ್ತನೆಯ ಹೊತ್ತಿಗೆ ಅವರು ನಿವೃತ್ತರಾಗಿ ಮನೆಯಲ್ಲಿರುತ್ತಾರೆ.

“ಹಾಗಾದ್ರೆ ಈ ಕೆಂಪು ದಾರ?” ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಅಲ್ಲಲ್ಲಿ ಕೆಲವು ಗಿಡಗಳ ನಡುವಿಗೆ ಕೆಂಪು ದಾರ ಕಟ್ಟಿತ್ತು. ಆಯ್ದ ಗಿಡದ ಗುರುತು ಅದು. ಕಳ್ಳ ಅವುಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ.

“ಅದು ಮೋಸದ ದಾರ,” ಮೇಷ್ಟ್ರು ನಕ್ಕರು. “ಕಳ್ಳರನ್ನ ದಾರಿ ತಪ್ಪಿಸೋಕೆ ಬೇಕಂತಲೇ ಬೇರೆ ಗಿಡಕ್ಕೆ ಕಟ್ಟಿದ್ದೆ. ನಿಜವಾದ ಆಯ್ಕೆ ಎಲ್ಲಾ ಇಲ್ಲಿದೆ.” ಅವರು ಹಣೆಯ ಪಕ್ಕ ಬೆರಳಿಟ್ಟು ತೋರಿಸಿದರು.

ಮುಖ್ಯಸ್ಥರ ವಾದಕ್ಕೆ ಇದೇ ಆಧಾರವಾಗಿತ್ತು. ಮೇಷ್ಟ್ರ ತಲೆಯೊಳಗಿನ ಆಯ್ಕೆ ಇನ್ಯಾರಿಗೆ ಗೊತ್ತಿರಲು ಸಾಧ್ಯ? ಅವರ ಕೈಕೆಳಗೇ ಕಲಿತು, ಅವರ ಮನೆಗೇ ಸೊಸೆಯಾಗಿ ಬಂದವಳಿಗೆ ತಾನೆ?

ಇನ್ಸ್‌ಪೆಕ್ಟರ್ ಎದ್ದು ಹತ್ತಿರದ ಒಂದು ದಾರದ ಗಿಡದ ಬಳಿ ನಿಂತಳು. ಅದರ ಎಲೆಗಳ ತುಂಬ ಬೂದು ಚುಕ್ಕೆ. ಬೆಳಗ್ಗಿನಿಂದ ನಾಲ್ಕು ಅಕ್ಷರ ಕಲಿತ ಅವಳಿಗೂ ಅದು ರೋಗವೆಂದು ತಿಳಿಯಿತು. ದಾರಿ ತಪ್ಪಿಸುವವನು ಕಣ್ಣು ಕುಕ್ಕುವ ಗಿಡಕ್ಕೆ ದಾರ ಕಟ್ಟಬೇಕಲ್ಲವೇ? ರೋಗ ಹಿಡಿದ ಗಿಡ ಯಾವ ಕಳ್ಳನನ್ನು ಮರುಳು ಮಾಡೀತು?

ತಿರುಗಿ ನೋಡಿದಳು. ಮೇಷ್ಟ್ರು ಪಕ್ಕದ ಗಿಡದ ಎಲೆಯೊಂದನ್ನು ಎರಡು ಬೆರಳ ನಡುವೆ ಹಿಡಿದು, ಬುಡದಿಂದ ತುದಿಯವರೆಗೆ ಮೆಲ್ಲಗೆ ಸವರುತ್ತಿದ್ದರು. ಮುಖ ಮಾತ್ರ ಬೇರೆ ಕಡೆಗಿತ್ತು.



*

ಕಾಲುವೆಯ ಆಚೆ ಇದರದ್ದೇ ಜೋಡಿ ತಾಕು. ಅದೇ ಬೀಜ, ಅದೇ ದಿನದ ಬಿತ್ತನೆ. ಕಳ್ಳನ ಕೈ ಅಲ್ಲಿಗೆ ಹೋಗಿರಲಿಲ್ಲ. ಇನ್ಸ್‌ಪೆಕ್ಟರ್ ಮುಖ್ಯಸ್ಥರನ್ನೂ ಸೊಸೆಯನ್ನೂ ಅಲ್ಲಿಗೆ ಕರೆಸಿ, ಇಬ್ಬರ ಕೈಗೂ ಬಟ್ಟೆಯ ಪಟ್ಟಿ ಕೊಟ್ಟಳು. ಅವರಿಗೆ ನೀಲಿ, ಇವಳಿಗೆ ಹಳದಿ.

“ನಿಮ್ಮ ಮನಸ್ಸಿಗೆ ಬಂದ ಒಳ್ಳೇ ಗಿಡಗಳಿಗೆ ಕಟ್ಟಿ,” ಎಂದಳು. ಕದ್ದವನು ಕದ್ದದ್ದು ಮಾಲನ್ನಲ್ಲ, ಆಯ್ಕೆಯನ್ನು. ಆಯ್ಕೆ ಅಂದರೆ ಕೈಬರಹದ ಹಾಗೆ, ಬರೆದವನ ಗುರುತು ಬಿಟ್ಟೇ ಬಿಡುತ್ತದೆ ಎಂಬುದು ಅವಳ ಲೆಕ್ಕಾಚಾರ.

ಮುಖ್ಯಸ್ಥರು ಹೊಟ್ಟೆ ಮುಂದೆ ಮಾಡಿಕೊಂಡು ತಾಕಿನ ನಡುವಿಗೆ ನುಗ್ಗಿದರು. ಎದುರಿಗೆ ಸಿಕ್ಕ ಉದ್ದನೆಯ ಗಿಡಗಳಿಗೆಲ್ಲ ನೀಲಿ ಪಟ್ಟಿ ಕಟ್ಟಿ, ಬೆವರೊರೆಸಿಕೊಂಡು ಹೊರಬಂದರು. “ನನಗಿದೆಲ್ಲ ಅಷ್ಟಾಗಿ ಗೊತ್ತಾಗಲ್ಲ ಮೇಡಂ. ನಾನು ಕುರ್ಚಿ ಕೆಲಸದವನು. ಎತ್ತರ ಇದ್ರೆ ಮೇವು ಜಾಸ್ತಿ, ಅಷ್ಟೇ,” ಎಂದು ನಗುತ್ತ ಕಚೇರಿಗೆ ನಡೆದರು.

ಸೊಸೆಯ ಕೆಲಸ ನೋಡುವುದೇ ಒಂದು ಸೊಗಸು. ನಾಳೆ ಕೆಲಸ ಹೋಗುತ್ತದೆಂಬ ಚಿಂತೆ ಮುಖದಲ್ಲಿತ್ತು, ನಿಜ. ಸಾಲಿನೊಳಗೆ ಕಾಲಿಟ್ಟ ಮೇಲೆ ಅದೂ ಇಲ್ಲ. ಒಂದು ಗಿಡದ ಮುಂದೆ ನಿಂತು ಎಲೆ ಎಣಿಸುತ್ತಾಳೆ, ಬುಡಕ್ಕೆ ಬಗ್ಗಿ ತೆಂಡೆ ನೋಡುತ್ತಾಳೆ, ಗಿಣ್ಣಿನ ಕೆಳಗೆ ದಂಟನ್ನು ಹಿಚುಕುತ್ತಾಳೆ, ತಲೆಯಾಡಿಸಿ ಮುಂದೆ ಹೋಗುತ್ತಾಳೆ. ಎಷ್ಟೋ ಚೆಂದದ ಗಿಡಗಳನ್ನು ದಾಟಿ, ಇನ್ಸ್‌ಪೆಕ್ಟರ್ ಕಣ್ಣಿಗೆ ಸಪ್ಪೆಯಾಗಿ ಕಂಡ ಒಂದಕ್ಕೆ ಹಳದಿ ಪಟ್ಟಿ ಕಟ್ಟಿದಳು. ಸಪ್ಪೆ ಎಂದುಕೊಂಡದ್ದರ ಎಲೆಗಳನ್ನು ಇನ್ಸ್‌ಪೆಕ್ಟರ್ ಹತ್ತಿರ ಹೋಗಿ ಸರಿಸಿ ನೋಡಿದರೆ, ಬುಡದಿಂದ ತುದಿಯವರೆಗೆ ಒಂದೂ ಒಣಗಿರಲಿಲ್ಲ. ಈ ಹುಡುಗಿಯ ಕಣ್ಣು ತನಗಿದ್ದಿದ್ದರೆ ಎಷ್ಟು ಕೇಸು ಬಗೆಹರಿಯುತ್ತಿದ್ದವೋ ಅನ್ನಿಸಿತು.

“ಅಲ್ಲಿ ಹೊರಗಡೆ ಅಷ್ಟು ಒಳ್ಳೊಳ್ಳೆ ಗಿಡ ಇದಾವಲ್ಲ, ಆ ಕಡೆ ತಲೆ ಕೂಡ ಹಾಕಲಿಲ್ಲ ನೀನು,” ಎಂದು ಕೇಳಿದಳು. ತಾಕಿನ ಅಂಚಿನ ಸಾಲಿನ ಗಿಡಗಳು ನಡುವಿನ ಎಲ್ಲದಕ್ಕಿಂತ ಎತ್ತರಕ್ಕೆ, ದಷ್ಟಪುಷ್ಟವಾಗಿ ಬೆಳೆದು ಗಾಳಿಗೆ ತೂಗುತ್ತಿದ್ದವು.

ಸೊಸೆ ಮೊದಲ ಸಲ ನಕ್ಕಳು. “ಅಂಚಿನ ಗಿಡಾನ ಯಾರೂ ಆರಿಸಲ್ಲ ಮೇಡಂ. ಅದರ ಒಂದು ಪಕ್ಕ ಖಾಲಿ. ಬಿಸಿಲು, ನೀರು, ಗೊಬ್ಬರ ಎಲ್ಲಾ ಎರಡು ಪಾಲು. ಅದು ಜಾಗದ ಜೋರು, ಗಿಡದ ಗುಣ ಅಲ್ಲ. ಬೀಜಕ್ಕೆ ಇಳಿಯಲ್ಲ. ನಮ್ಮ ವಿದ್ಯೆಯಲ್ಲಿ ಮೊದಲ ಪಾಠಾನೇ ಅದು. ಅಂಚು ನೋಡಿದ್ರೆ ಮಾವ ಈಗಲೂ ಬೈತಾರೆ.”

ಇನ್ಸ್‌ಪೆಕ್ಟರ್ ಮಾತು ಮುಗಿಯುವ ಮೊದಲೇ ಕಾಲುವೆ ದಾಟಿ ಓಡಿದಳು. ಕಳುವಾದ ತಾಕಿನ ಸುತ್ತ ಮೈಯೆಲ್ಲ ಕಣ್ಣಾಗಿ ಒಂದು ಸುತ್ತು ಬಂದಳು. ಹತ್ತು ಬೋಳು ದಂಟುಗಳಲ್ಲಿ ಏಳು ಒಳಗಿದ್ದವು. ಮೂರು ಇದ್ದದ್ದು ಅಂಚಿನ ಸಾಲಿನಲ್ಲಿ.

ತಳಿ ಕೆಲಸ ಕಲಿತ ಯಾರೂ ಈ ಮೂರನ್ನು ಮುಟ್ಟುವುದಿಲ್ಲ. ಸೊಸೆಯಂತೂ ಸತ್ತರೂ ಮುಟ್ಟುವುದಿಲ್ಲ. ಇನ್ಸ್‌ಪೆಕ್ಟರ್ ಎದೆ ಹಗುರವಾಯಿತು. ಅಲ್ಲಿಂದಲೇ ಮುಖ್ಯಸ್ಥರಿಗೆ ಫೋನ್ ಮಾಡಿದಳು.

“ನಿಮ್ಮ ಅನುಮಾನ ತಪ್ಪು ಸಾರ್. ಅಂಚಿನ ತೆನೆ ಮೂರು ಹೋಗಿವೆ. ಈ ಕೆಲಸ ಕಲಿತೋರು ಮಾಡಿದ್ದಲ್ಲ.”

ಆ ಕಡೆಯಿಂದ “ಅಂಚಿನದಾ? ಅಂಚಿನದು ಹೇಗೆ ಹೋಗುತ್ತೆ?” ಎಂಬ ಪ್ರಶ್ನೆ ಎರಡೆರಡು ಸಲ ಬಂತು. ಕುರ್ಚಿ ಕೆಲಸದವರಿಗೆ ಎಲ್ಲವೂ ನಿಧಾನ ಎಂದುಕೊಂಡು ಅವಳು ಫೋನ್ ಇಟ್ಟಳು.

ಹಿಂದೆಯೇ ಬಂದ ಸೊಸೆಯನ್ನು ಕೇಳಿದಳು, “ನಿಮ್ಮ ವಿದ್ಯೆ ಇಲ್ಲದೋರಿಗೆ ಗಿಡ ಒಳ್ಳೇದು ಅಂತ ಬೇರೆ ಹೇಗೆ ಗೊತ್ತಾಗುತ್ತೆ?”

“ಹಸು ಹೇಳುತ್ತಲ್ಲ,” ಎಂದಳು ಸೊಸೆ ಥಟ್ಟನೆ. “ಮೊದಲ ಕೊಯ್ಲಿನ ಮೇವನ್ನ ಒಂದೊಂದು ಗಿಡದ್ದೂ ಬೇರೆ ಬೇರೆ ಕಟ್ಟು ಮಾಡಿ ಕೊಟ್ಟಿಗೆಗೆ ಕಳಿಸಿದ್ವಿ. ಯಾವುದನ್ನ ಮೊದಲು ತಿನ್ನುತ್ತೆ ಅಂತ ನೋಡೋದು ಅತ್ತೆ…”

ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು.

*

ಮೇಷ್ಟ್ರ ಹೆಂಡತಿ ದನದ ಡಾಕ್ಟರು. ಕೇಂದ್ರದ ಕೊಟ್ಟಿಗೆಯೇ ಅವರ ಪ್ರಯೋಗಶಾಲೆ. ಇನ್ಸ್‌ಪೆಕ್ಟರ್ ಒಳಗೆ ಬಂದಾಗ ಅವರು ಬಿಳಿ ಮೂತಿಯ ಹಸುವೊಂದಕ್ಕೆ ಮೈ ಉಜ್ಜುತ್ತಿದ್ದರು. ಸಿಮೆಂಟಿನ ನೆಲ ತೊಳೆದು ಫಳಫಳ ಹೊಳೆಯುತ್ತಿತ್ತು.

“ಬನ್ನಿ, ಕೂತ್ಕೊಳ್ಳಿ. ಆ ಡಬ್ಬದ ಮೇಲೆ ಬೇಡ, ಈ ಸ್ಟೂಲ್ ತಗೊಳ್ಳಿ.”

“ಡಬ್ಬದಲ್ಲಿ ಏನಿದೆ ಡಾಕ್ಟ್ರೆ?”

“ಹಿಂಡಿ.” ಉಜ್ಜುವ ಕೈ ನಿಲ್ಲಲಿಲ್ಲ.

ಇನ್ಸ್‌ಪೆಕ್ಟರ್ ಸ್ಟೂಲ್ ಎಳೆದುಕೊಂಡಳು. “ಹಸು ಮೇವು ಆರಿಸುತ್ತಂತೆ. ನನಗೂ ತೋರಿಸಿ, ನೋಡೋಣ.”

ಡಾಕ್ಟರ ಮುಖ ಅರಳಿತು. ಎರಡು ಕಟ್ಟು ಹಸಿ ಸಜ್ಜೆ ತಂದು ಹಸುವಿನ ಮುಂದೆ ಹಾಕಿದರು. ಒಂದು ದಪ್ಪ, ಹೊಳಪಿನ ಕಟ್ಟು. ಇನ್ನೊಂದು ಸಾಧಾರಣದ್ದು. ಹಸು ಮೊದಲನೆಯದನ್ನು ಮೂಸಿ, ಉಸಿರು ಬಿಟ್ಟು, ಎರಡನೆಯದಕ್ಕೆ ಬಾಯಿ ಹಾಕಿತು. ಅದು ಬರಿದಾಗುವವರೆಗೂ ತಲೆ ಎತ್ತಲಿಲ್ಲ.

“ನೋಡಿದ್ರಾ? ನಮ್ಮವರು ಕಣ್ಣಲ್ಲಿ ಆರಿಸ್ತಾರೆ, ಇವಳು ನಾಲಿಗೇಲಿ. ಸಿಹಿ ರಸ ಹೊರಗೆ ಕಾಣಲ್ಲ. ಮದುವೆ ಆದಾಗಿನಿಂದ ಅವರ ಆಯ್ಕೆ, ನನ್ನ ಹಸುಗಳ ಆಯ್ಕೆ ಬಹುಪಾಲು ಒಂದೇ ಆಗ್ತಿತ್ತು. ಎಂಥ ಕಣ್ಣು ಅಂತೀರಿ. ನಡೆದು ಹೋಗ್ತಾ ಹೋಗ್ತಾನೇ ಒಂದು ಗಿಡದ ಮುಂದೆ ನಿಂತುಬಿಡೋರು. ನಾನು ತಂದು ಹಸುವಿಗೆ ಹಾಕಿದ್ರೆ ಅದೇ ಮೊದಲು ಖಾಲಿ. ನನಗಂತೂ ಹೆಮ್ಮೆಯಿಂದ ಎರಡು ಹೊತ್ತು ಊಟ ಬೇಡ ಅನ್ನಿಸ್ತಿತ್ತು.”

“ಈ ಸಲ?”

ಮತ್ತೆ ಹಸುವಿನ ಮೈ ಉಜ್ಜತೊಡಗಿದ್ದ ಬ್ರಷ್ ನಿಂತಿತು.

“ಈ ಸಲ ಅವರು ದಾರ ಕಟ್ಟಿದ ಗಿಡಗಳ ಮೇವನ್ನ ಹಸು ಮೂಸಿಯೂ ನೋಡ್ಲಿಲ್ಲ. ಅಲ್ವಾ ಡಾಕ್ಟ್ರೆ?” ಇನ್ಸ್‌ಪೆಕ್ಟರ್ ದನಿ ತಗ್ಗಿಸಿದಳು. “ಎಲೆ ಮೇಲೆ ಅಷ್ಟು ಚುಕ್ಕೆ ಇದ್ರೂ ಅವರಿಗೆ ಕಾಣ್ಲಿಲ್ಲ. ಅದು ಮೋಸದ ದಾರ ಅಲ್ಲ. ಅವರು ನಿಜವಾಗಿಯೂ ಆರಿಸಿದ್ದೇ ಅದು.”

ಡಾಕ್ಟರು ಬ್ರಷ್ಷನ್ನು ಗೋಡೆಯ ಮೊಳೆಗೆ ನೇತುಹಾಕಿದರು. ಆಮೇಲೆ ತಾವಾಗಿಯೇ ಹೋಗಿ ಹಿಂಡಿಯ ಡಬ್ಬ ತೆರೆದು, ಹಳೆಯ ಟವೆಲ್ಲಿನ ಗಂಟೊಂದನ್ನು ತಂದು ತೊಡೆಯ ಮೇಲಿಟ್ಟುಕೊಂಡು ಕೂತರು.

“ಹುಡುಕೋ ಶ್ರಮ ನಿಮಗ್ಯಾಕೆ,” ಎಂದರು. “ದಾರ ಇಲ್ಲದ ಗಿಡ ಎಲ್ಲಾ ನಿನ್ನೆ ಬೆಳಿಗ್ಗೆ ಕೊಯ್ದು ಮೇವಿಗೆ ಹಾಕಬೇಕು ಅಂತ ಮುಖ್ಯಸ್ಥರ ಅಪ್ಪಣೆ ಆಗಿತ್ತು, ಕಳವಿನ ಗಲಾಟೇಲಿ ನಿಂತುಹೋಯ್ತು. ಒಳ್ಳೇದೆಲ್ಲ ನನ್ನ ಹಸುಗಳ ಹೊಟ್ಟೆಗೇ ಹೋಗೋದು. ಕೆಟ್ಟದ್ದು ನಮ್ಮ ಯಜಮಾನರ ಹೆಸರಲ್ಲಿ ಊರೂರಿಗೆ ಹೋಗೋದು. ತಡೀಬೇಕಾದ್ರೆ ಅವರಿಗೆ ಹೇಳಬೇಕಿತ್ತು. ಏನಂತ ಹೇಳ್ಲಿ? ನಿಮ್ಮ ಕಣ್ಣು ಹೋಗಿದೆ ಅಂತಾನಾ? ಆ ಕಣ್ಣಿನ ಮೇಲೇ ಅವರು ಬದುಕಿರೋದು ಮೇಡಂ. ನನಗೆ ಗೊತ್ತಿದೆ ಅನ್ನೋದು ಕೂಡ ಅವರಿಗೆ ಗೊತ್ತಿಲ್ಲ. ಕಾಫಿ ಲೋಟಾನ ಅವರ ಕೈಗೆ ತಾಗೋ ಹಾಗೇ ಇಡ್ತೀನಿ, ಅಷ್ಟೇ.”

 ಕಳ್ಳರನ್ನು ಹಿಡಿದಾಗ ಇನ್ಸ್‌ಪೆಕ್ಟರ್‌ಗೆ ಎಂದೂ ಇಷ್ಟು ಗೌರವ ಹುಟ್ಟಿರಲಿಲ್ಲ. ಅವಳು ಮೆಲ್ಲಗೆ ಟವೆಲ್ಲಿನ ಗಂಟು ಬಿಚ್ಚಿದಳು. ಕಾಗದದ ಚೀಲ ಸಮೇತ ತೆನೆಗಳು. ಒಂದು, ಎರಡು, ಮೂರು.

“ಉಳಿದದ್ದು ಎಲ್ಲಿ?”

“ಉಳಿದದ್ದಾ?” ಡಾಕ್ಟರಿಗೆ ಆಶ್ಚರ್ಯ. “ದೀಪ ಹಚ್ಚೋ ಹೊತ್ತಿಗೆ ನಾನು ಹೋದಾಗ ಒಳಗಿನದೆಲ್ಲ ಯಾರೋ ಆಗಲೇ ಕತ್ತರಿಸಿಬಿಟ್ಟಿದ್ರು. ನನ್ನ ಹಸು ಮೆಚ್ಚಿದ್ದರಲ್ಲಿ ಅಂಚಿನ ಮೂರೇ ಉಳಿದಿತ್ತು. ಅಷ್ಟನ್ನಾದ್ರೂ ಉಳಿಸ್ಕೊಳ್ಳೋಣ ಅಂತ ತಂದೆ.”

ಇನ್ಸ್‌ಪೆಕ್ಟರ್ ತೆನೆಗಳನ್ನು ಮತ್ತೊಮ್ಮೆ ಎಣಿಸಿದಳು. ಸೊಸೆಯನ್ನು ಬಿಡಿಸಿದ್ದು ಆ ಮೂರು ತೆನೆ. ಅವು ಅತ್ತೆಯ ಪಾಲಿಗೆ ಹೋದರೆ ಉಳಿದ ಏಳೂ ಒಳಗಿನವು. ಅಂಚು ಬಿಟ್ಟು, ಬಲ್ಲವರು ಆರಿಸಿದ ಹಾಗೆಯೇ ಆರಿಸಿದವು.

ಅದು ಡಾಕ್ಟರಿಗೂ ಹೊಳೆದಿರಬೇಕು. ಅವರ ಮುಖದ ಬಣ್ಣ ಇಳಿಯಿತು.

“ಅತ್ತೆ ಹೇಳಿದ್ದು ನಿಜ ಮೇಡಂ,” ಎಂಬ ದನಿ ಬಾಗಿಲಿನಿಂದ ಬಂತು. ಸೊಸೆ ಚೌಕಟ್ಟಿಗೆ ಒರಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. “ಒಳಗಿನ ಏಳು ಗಿಡ ಆರಿಸಿದ್ದು ನಾನೇ. ಕತ್ತರಿಸಿದ್ದು ನಾನಲ್ಲ.”

“ಹಾಗಂದ್ರೆ?”

“ಮಾವನ ದಾರ ತಪ್ಪಾಗಿರೋದು ನನಗೂ ಕಂಡಿತ್ತು. ಕೊಯ್ಲು ನಿಲ್ಲಿಸಿ ಅಂತ ಮುಖ್ಯಸ್ಥರ ಕಾಲು ಹಿಡಿಯೋದೊಂದು ಬಾಕಿ. ಅವರನ್ನ ತಾಕಿಗೆ ಕರ್ಕೊಂಡು ಹೋಗಿ ಆ ಏಳು ಗಿಡ ಒಂದೊಂದಾಗಿ ತೋರಿಸ್ದೆ. ಮಾವನ ಕಣ್ಣಿನ ವಿಷಯಾನೂ ಹೇಳಿ, ಅವರಿಗೆ ಗೊತ್ತಾಗಬಾರದು ಅಂದೆ. ನೋಡೋಣ ಅಂದ್ರು. ಅವತ್ತು ಸಂಜೇನೇ ತೆನೆ ಹೋಯ್ತು. ನಿಮಗೆ ಇದನ್ನ ಹೇಳಿದ್ರೆ ಮಾವನ ಕಣ್ಣಿನ ವಿಷಯಾನೂ ಹೇಳಬೇಕಾಗ್ತಿತ್ತು.”

ಅತ್ತೆ ಸೊಸೆಯನ್ನೇ ನೋಡಿದರು. ಒಂದೇ ಗುಟ್ಟನ್ನು ಇಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಹೊಟ್ಟೆಯಲ್ಲಿಟ್ಟುಕೊಂಡು ಒಂದೇ ಮನೆಯಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದರು.

ಇನ್ಸ್‌ಪೆಕ್ಟರ್ ತಲೆಯಲ್ಲಿ ನೀಲಿ ಪಟ್ಟಿಗಳು ಓಡಾಡಿದವು. ಎತ್ತರ ಒಂದೇ ಗೊತ್ತಿರುವ ಕುರ್ಚಿ ಕೆಲಸದವನು ಎಲ್ಲಿಗೆ ಹೋಗಬೇಕಿತ್ತು? ಇಡೀ ತಾಕಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ತೂಗುತ್ತಿದ್ದವು ಅಂಚಿನ ಗಿಡಗಳು. ಅಲ್ಲಿ ಒಂದೂ ನೀಲಿ ಪಟ್ಟಿ ಇರಲಿಲ್ಲ. ಗೊತ್ತಿಲ್ಲವೆಂದು ನಟಿಸಿದ ಮನುಷ್ಯ ಕಲಿತದ್ದನ್ನು ಮಾತ್ರ ಮರೆಯಲಾಗದೆ ಹೋಗಿದ್ದ. ಅಂಚಿನದು ಹೇಗೆ ಹೋಗುತ್ತೆ ಎಂದು ಫೋನಿನಲ್ಲಿ ಅವನು ಕಕ್ಕಾಬಿಕ್ಕಿಯಾಗಿದ್ದೂ ಅದಕ್ಕೇ. ಅಂಚಿನದನ್ನು ಅವನು ಮುಟ್ಟಿರಲಿಲ್ಲವಲ್ಲ. ಮೇಷ್ಟ್ರು ನಿವೃತ್ತರಾದ ಮೇಲೆ ಆ ಏಳು ತೆನೆಯಿಂದ ಹುಟ್ಟುವ ತಳಿಗೆ ಯಾರ ಹೆಸರು ಬೀಳುತ್ತದೆಂದು ಊಹಿಸುವುದು ಕಷ್ಟವೇನಲ್ಲ.

ಆದರೆ ನೀಲಿ ಪಟ್ಟಿಯನ್ನು ಸಾಕ್ಷಿಯೆಂದು ಯಾವ ಸಮಿತಿ ಒಪ್ಪೀತು? ಕೈಗೆ ಸಿಕ್ಕಿರುವ ಕಳವಿನ ಮಾಲು ಈ ಮೂರೇ ತೆನೆ. ಅದೂ ಮೇಷ್ಟ್ರ ಹೆಂಡತಿಯ ತೊಡೆಯ ಮೇಲೆ.

ಹೊರಗೆ ಜೀಪು ನಿಂತ ಸದ್ದಾಯಿತು.

“ಟವೆಲ್ ಮುಚ್ಚಿ,” ಎಂದಳು ಇನ್ಸ್‌ಪೆಕ್ಟರ್. ಅಷ್ಟರಲ್ಲಿ ಮುಖ್ಯಸ್ಥರು ಒಳಗೆ ಬಂದಾಗಿತ್ತು. ಅವರ ನೋಟ ನೇರ ಟವೆಲ್ಲಿಗೇ ಹೋಯಿತು.

“ಸಿಕ್ಕಿಬಿಡ್ತಲ್ಲ,” ಎಂದರು ನಿಧಾನವಾಗಿ. “ಅಂಚಿನದು ಅಂದಾಗಲೇ ನನಗೆ ದನದ ಕೊಟ್ಟಿಗೆ ನೆನಪಾಯ್ತು. ಅತ್ತೆ ಹತ್ರ ಮೂರು ಇದ್ರೆ ಸೊಸೆ ಹತ್ರ ಏಳು ಇರಲೇಬೇಕು. ಏನ್ ಮೇಷ್ಟ್ರೆ?”

ಅವರ ಹಿಂದೆ, ಬಾಗಿಲ ಚೌಕಟ್ಟನ್ನು ಕೈಯಿಂದ ಸವರಿ ನೋಡಿ, ಮೇಷ್ಟ್ರು ಹೊಸ್ತಿಲು ದಾಟಿದರು.

“ನಿಮ್ಮೆದುರಿಗೇ ಕೇಳ್ತೀನಿ,” ಮುಖ್ಯಸ್ಥರು ಡಾಕ್ಟರ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ಒಂದು ಹೊಳಪಿತ್ತು. ಉತ್ತರ ಅವರಿಗೆ ಚೆನ್ನಾಗಿ ಗೊತ್ತು. ಆ ಉತ್ತರವನ್ನು ಈ ಮನೆಯ ಇಬ್ಬರು ಹೆಂಗಸರೂ ಬಾಯಿ ಬಿಟ್ಟು ಹೇಳಲಾರರು ಎಂಬುದೂ ಗೊತ್ತು. “ನಿಮ್ಮ ಯಜಮಾನರು ದಾರ ಕಟ್ಟಿದ ಗಿಡ ಅಷ್ಟೊಂದು ಇರುವಾಗ, ಅದನ್ನ ಬಿಟ್ಟು ಇದನ್ನೇ ಯಾಕೆ ಕತ್ತರಿಸಿದ್ರಿ? ಹೇಳಿಬಿಡಿ. ಸರಿಯಾದ ಕಾರಣ ಇದ್ರೆ ನಿಮ್ಮ ಸೊಸೆಯ ಕೆಲಸಾನೂ ಉಳಿಯುತ್ತೆ.”

 ಸೊಸೆ ಬೇಡ ಎಂಬಂತೆ ಅತ್ತೆಯ ಕಡೆ ತಲೆಯಾಡಿಸಿದಳು.

ಮೇಷ್ಟ್ರು ಹೆಂಡತಿಯ ಉಸಿರಿನ ಸದ್ದು ಹಿಡಿದು ಎರಡು ಹೆಜ್ಜೆ ಬಂದರು. ಅವರ ಮುಖ ಹೆಂಡತಿ ಕೂತದ್ದಕ್ಕಿಂತ ಒಂದು ಗೇಣು ಪಕ್ಕಕ್ಕೆ ತಿರುಗಿ ನಿಂತಿತು.

“ಹೇಳೇ,” ಎಂದರು. “ನಾನೂ ಕೇಳಬೇಕು ಅದನ್ನ.”